ದಾನದ ಸುಣ್ಣ ಬೇಡ, ಲೆಕ್ಕದ ದುಡ್ಡು ಬೇಕು



ಊರ ಶಾಲೆಯ ಹೆಂಚು ಒಡೆದಿದೆ, ತೊಲೆಗೆ ಗೆದ್ದಲು ಹತ್ತಿದೆ, ಕಕ್ಕಸಿಗೆ ಬೀಗ ಬಿದ್ದಿದೆ. ಉಳ್ಳವರು ತಮ್ಮ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಪೇಟೆಯ ಕಾನ್ವೆಂಟಿಗೆ ಕಳಿಸಿದ್ದಾರೆ. ಸೋರುವ ಸೂರಿನ ಕೆಳಗೆ ಉಳಿದಿರೋರು ಯಾರು? ಕೇರಿಯ ಮಕ್ಕಳು, ಕೂಲಿಯವರ ಮಕ್ಕಳು. ಹಾಸ್ಟೆಲಿನಲ್ಲಿರುವ ನಾವೆಲ್ಲ ಅಂಥ ಶಾಲೆಗಳಿಂದಲೇ ಬಂದವರು. ಈಗ ಅಲ್ಲಿ ನಮ್ಮ ತಮ್ಮ ತಂಗಿಯರಿದ್ದಾರೆ.

ರಿಪೇರಿಗೆ ದುಡ್ಡು ಕೇಳಿದರೆ ಬರುವ ಉತ್ತರ ಏನು? 'ದಾನಿಗಳನ್ನು ಹಿಡೀರಪ್ಪಾ!' ಶಾಲೆ ದತ್ತು ಕೊಡಿ, ಹಳೇ ವಿದ್ಯಾರ್ಥಿಗಳ ಹತ್ರ ಎತ್ತಿ. 2022ರ ಅಕ್ಟೋಬರಿನಲ್ಲಂತೂ ಪೋಷಕರಿಂದಲೇ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಜನ ಉಗಿದ ಮೇಲೆ ವಾಪಸು ತಗೊಂಡಿತು. ಸುತ್ತೋಲೆ ಹೋಯಿತು, ಆ ಬುದ್ಧಿ ಹೋಗಲಿಲ್ಲ.

ದಾನದ ಬೆನ್ನಿಗೆ ಏನು ಬರುತ್ತದೆ ಅನ್ನೋದು ನಮಗೆ ಗೊತ್ತು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಬಾಗಿಲು ತೆರೆಯಲಿಲ್ಲ. 1858ರಲ್ಲಿ ಮುಂಬಯಿ ಸರ್ಕಾರ ಹೇಳಿದ್ದೇನು? ಪೂರ್ತಿ ಸರ್ಕಾರದ ಖರ್ಚಿನ ಶಾಲೆ ಎಲ್ಲರಿಗೂ ತೆರೆದಿರುತ್ತದೆ. ಊರ ದಾನಿಗಳೂ ದುಡ್ಡು ಹಾಕಿರುವ ಕಡೆ, ಅವರು ಒಲ್ಲೆ ಅಂದರೆ, ಕೆಳಜಾತಿಯ ಮಕ್ಕಳನ್ನು ಸೇರಿಸುವ ಯೋಚನೆ ಇಲ್ಲ. ಸುಣ್ಣಕ್ಕೆ ಕಾಸು ಕೊಟ್ಟವನ ಕೈಗೇ ಬೀಗದ ಕೈ! ಇದನ್ನು ಬಾಬಾಸಾಹೇಬರು ಎತ್ತಿ ತೋರಿಸಿದ್ದಾರೆ. ಇವತ್ತು ಕಾನೂನು ಬಾಗಿಲು ಹಾಕಲು ಬಿಡೋದಿಲ್ಲ, ನಿಜ. ಆದರೆ ದಾನಿಯ ಹೆಸರು ಕೆತ್ತಿದ ಗೋಡೆಯ ಕೆಳಗೆ ನಮ್ಮ ಹುಡುಗ ಹಂಗಿನವನಾಗಿ ಕೂರಬೇಕು. ನಮಗೆ ಬೇಕಾದ್ದು ಹಂಗಲ್ಲ, ಹಕ್ಕು.

ಸರ್ಕಾರ ಕೊಡೋದು ಎಷ್ಟು? ಸಮಗ್ರ ಶಿಕ್ಷಣದ ಲೆಕ್ಕದಲ್ಲಿ 30ರ ಮೇಲೆ 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷದ ಅನುದಾನ 25,000 ರೂಪಾಯಿ. ತಿಂಗಳಿಗೆ ಎರಡು ಸಾವಿರದ ಚಿಲ್ಲರೆ. ಸೀಮೆಸುಣ್ಣ, ಸಣ್ಣಪುಟ್ಟ ರಿಪೇರಿ, ಸ್ವಚ್ಛತೆ ಎಲ್ಲಾ ಇದರಲ್ಲೇ. ಇದರಲ್ಲಿ ಕಕ್ಕಸು ತೊಳೆಯೋಕೆ ಆಳು ಸಿಗುತ್ತದಾ? ಇಲ್ಲ. ದುಡ್ಡಿಲ್ಲದ ಜಾಗಕ್ಕೆ ಜಾತಿ ಬಂದು ಕೂರುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದರು. ಅದು ಬೇರೆ ಇಲಾಖೆಯ ಶಾಲೆ, ರೋಗ ಒಂದೇ. ತಪ್ಪಿತಸ್ಥರನ್ನು ಅಮಾನತು ಮಾಡಿದರು, ಮಾಡಲೇಬೇಕು. ಅಮಾನತಿನಿಂದ ಗುಂಡಿ ಖಾಲಿಯಾಗುತ್ತದಾ? ಅದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಬೇಕು. ಇನ್ನು ಸೂರಿನ ಮಾತು: 2025ರ ಜುಲೈ 25ರಂದು ರಾಜಸ್ಥಾನದ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆ ಕುಸಿದು 7 ಮಕ್ಕಳು ಸತ್ತರು. ನಮ್ಮಲ್ಲೂ ಹಂಗೇ ಆಗಲಿ ಅಂತ ಕಾಯ್ತಾ ಇದ್ದಾರಾ?

ದುಡ್ಡಿಲ್ಲ ಅನ್ನೋದು ಸುಳ್ಳು. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮಗೇ ಖರ್ಚಾಗಬೇಕೆಂದು 2013ರಲ್ಲಿ ರಾಜ್ಯದಲ್ಲಿ ಕಾಯ್ದೆ ಬಂತು. 2023-24ರಲ್ಲಿ ಅದೇ ಪಾಲಿನಿಂದ 11,000 ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯಿತು. ಗ್ಯಾರಂಟಿ ಬೇಡ ಅಂತ ನಾವು ಹೇಳ್ತಿಲ್ಲ. ಎಲ್ಲರಿಗೂ ಕೊಡೋದನ್ನು ಎಲ್ಲರ ಬೊಕ್ಕಸದಿಂದ ಕೊಡಿ. ಕೇರಿ ಮಕ್ಕಳ ಸೂರಿಗೆ ಆಗಬಹುದಾಗಿದ್ದ ದುಡ್ಡಿಗೆ ಯಾಕೆ ಕೈ ಹಾಕುತ್ತೀರಿ?

ಯಾರನ್ನು ಕೇಳೋಣ? 73ನೇ ತಿದ್ದುಪಡಿಯಲ್ಲಿ ಪಂಚಾಯತಿಗೆ ಕೊಡಬೇಕಾದ ವಿಷಯಗಳ ಪಟ್ಟಿಯಲ್ಲಿ ಶಾಲೆಯೂ ಇದೆ. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೇಳೋಕೆ ಹೋದರೆ ಅಲ್ಲಿ ನಾವು ಗೆಲ್ಲಿಸಿದ ಸದಸ್ಯನಿಲ್ಲ, ಸಾಹೇಬರ ಖುರ್ಚಿ ಇದೆ.

ಉಳಿದಿರೋದು ಗ್ರಾಮಸಭೆ. ರಜೆಗೆ ಊರಿಗೆ ಹೋದಾಗ ಮನೆಕಂದಾಯದ ರಸೀದಿ ತೆಗೆದು ನೋಡಿ. ಶಿಕ್ಷಣ ಕರ ಅಂತ ಒಂದು ಕಲಂ ಇರುತ್ತದೆ. ಆ ದುಡ್ಡು ಎಲ್ಲಿಗೆ ಹೋಯಿತು? ಎದ್ದು ನಿಂತು ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧ ಹೆಂಗಸರಿರಬೇಕು. ಆ ಸಮಿತಿ ಬರೆದ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕು. ಆದರೆ ನಡೆಯೋದೇನು? ಯಾರೋ ಬರೆದ ಕಾಗದಕ್ಕೆ ನಮ್ಮವ್ವ ಹೆಬ್ಬೆಟ್ಟು ಒತ್ತಿ ಬರುತ್ತಾಳೆ. ಬಿ.ಎ. ಓದಿದ ನಾವು ಆ ಕಾಗದ ಬರೆಯಲಾರೆವಾ? ಎಷ್ಟು ಹೆಂಚು, ಎಷ್ಟು ತೊಲೆ, ಎಷ್ಟು ಕಕ್ಕಸು, ತೊಳೆಯುವ ಆಳಿಗೆ ಎಷ್ಟು ಸಂಬಳ, ಎಲ್ಲಾ ಬರೆಯೋಣ. ಅವ್ವನಿಗೆ ಓದಿ ಹೇಳೋಣ. ಆಮೇಲೆ ಹೆಬ್ಬೆಟ್ಟು ಬೀಳಲಿ.

ದಾನಿಗಳಿಗೆ ನಮಸ್ಕಾರ ಹಾಕಿ ಸಾಕಾಗಿದೆ. ಇನ್ನು ಲೆಕ್ಕ ಕೇಳೋಣ.