ದನಕ್ಕೆ ಆದೀತು ಎಂಬ ಮಾತು

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ಅಟ್ಟ, ಉಗ್ರಾಣಗಳಲ್ಲಿ ಬೂಷ್ಟು ಹಿಡಿಯದ ಪದಾರ್ಥವೇ ಇಲ್ಲ. ಅಡಕೆ ಚೀಲಕ್ಕೆ ಮುಗ್ಗಲು ವಾಸನೆ ಬಂದರೆ ನಾವು ಕಂಗಾಲಾಗುತ್ತೇವೆ, ದರ ಬೀಳುತ್ತದೆಂದು ಗೊತ್ತು. ಪಾರ್ಚ್‌ಮೆಂಟ್ ಕಾಫಿಯನ್ನು ತೇವಾಂಶ ನೂರಕ್ಕೆ 10ಕ್ಕೆ ಇಳಿಯುವ ತನಕ ಕಣದಲ್ಲಿ ಕಾದು ಕೂರುತ್ತೇವೆ. ಆದರೆ ಅದೇ ಉಗ್ರಾಣದ ಮೂಲೆಯಲ್ಲಿಟ್ಟ ಶೇಂಗಾ ಹಿಂಡಿಯ ಚೀಲ ಬಿಚ್ಚಿದಾಗ ಹಸಿರು ಬೂಷ್ಟು ಕಂಡರೆ, ಕೈಯಿಂದ ಕೊಡವಿ, “ಮನುಷ್ಯರಿಗೆ ಆಗದು, ದನಕ್ಕೆ ಆದೀತು” ಎಂದು ಬಾನಿಗೆ ಸುರಿಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ದನಕ್ಕೆ ಆದದ್ದು ಮರುದಿನದ ಹಾಲಿನಲ್ಲಿ ಮನುಷ್ಯರ ಬಳಿಗೇ ಬರುತ್ತದೆಂಬುದು ಈ ಮಾತಿನಲ್ಲಿ ಮರೆತುಹೋಗಿದೆ.

ಬೂಷ್ಟುಗಳಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬುದೊಂದು ಜಾತಿ. ಶೇಂಗಾ, ಹತ್ತಿಬೀಜ, ಮೆಕ್ಕೆಜೋಳ, ಕೊಬ್ಬರಿ, ಇವುಗಳಿಗೆ ತೇವ ತಗಲಿದರೆ ಅದಕ್ಕೆ ಹಬ್ಬ. ಅದು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಮೇವಿಗೆ ಬೆರೆಸಿದ್ದ ಶೇಂಗಾ ಹಿಂಡಿ. ನಮ್ಮ ದೇಶದಲ್ಲೇ 1974ರಲ್ಲಿ, ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ತೀರಿಕೊಂಡರು. ಅಷ್ಟು ದೊಡ್ಡ ಪ್ರಮಾಣ ನಮ್ಮ ಲೋಟಕ್ಕೆ ಬರುವುದಿಲ್ಲ ನಿಜ. ಹಸು ತಿಂದ ವಿಷದಲ್ಲಿ ನೂರಕ್ಕೆ ಕೆಲವೇ ಪಾಲು ರೂಪ ಬದಲಿಸಿಕೊಂಡು, ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಆದರೆ ಹಾಲನ್ನು ಹೆಚ್ಚಾಗಿ ಕುಡಿಯುವವರು ಮಕ್ಕಳು, ಅದೂ ದಿನಂಪ್ರತಿ. ಕುದಿಸಿದರೆ ಈ ವಿಷ ಹೋಗುವುದಿಲ್ಲ. ಹೆಪ್ಪು ಹಾಕಿದರೂ ನಂಬುವಂತಿಲ್ಲ. ಹಾಲಿನ ಸಸಾರಜನಕಕ್ಕೆ ಅಂಟಿಕೊಳ್ಳುವ ಸ್ವಭಾವದ್ದಾದ್ದರಿಂದ ಪನೀರಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ತುಪ್ಪಕ್ಕೆ ಮಾತ್ರ ಅಲ್ಪವೇ ಸೇರುತ್ತದೆ.

ಹಾಲು ಎಂದೊಡನೆ ಪೇಟೆಯ ಕಲಬೆರಕೆಯನ್ನು ಬೈಯುವುದು ನಮ್ಮ ರೂಢಿ. ಯೂರಿಯಾ ಬೆರೆಸುತ್ತಾರೆ, ಸಾಬೂನು ಪುಡಿ ಬೆರೆಸುತ್ತಾರೆ ಎಂದು ಬಸ್ಸಿನಲ್ಲಿ ಕೇಳಿದ ಸುದ್ದಿಯನ್ನು ಜಗಲಿಯ ಮೇಲೆ ಹೇಳುತ್ತೇವೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದ ಪಟ್ಟಣಗಳಲ್ಲಿ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಕಲಬೆರಕೆಯಿಂದ ಅಪಾಯಕರವೆನಿಸಿದವು 12. ಔಷಧದ ಅಂಶ ಮಿತಿ ಮೀರಿದ್ದವು 77. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದವು 368! ಮಿತಿಯಾದರೂ ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ ಮಾತ್ರ. ಈ ವಿಷವನ್ನು ಯಾವ ಹಾಲು ಮಾರುವವನೂ ಬೆರೆಸಿದ್ದಲ್ಲ. ಅದು ಬಂದದ್ದು ಹಿಂಡಿಯ ಚೀಲದಿಂದ, ಬಾನಿಯ ಮೂಲಕ.

ಕುದಿಸುವುದು ಬೇಡವೆಂದು ಇದರ ಅರ್ಥವಲ್ಲ. “ನಮ್ಮ ಕೊಟ್ಟಿಗೆಯ ಹಸು, ನಮಗೆ ಗೊತ್ತಿಲ್ಲವೇ” ಎಂದು ನೊರೆಹಾಲು ಕುಡಿಯುವ ಹಿರಿಯರು ಇನ್ನೂ ಇದ್ದಾರೆ. ಕ್ಷಯ, ಕಂದುರೋಗ ಇವು ಹಸುವಿನ ಮುಖದ ಮೇಲೆ ಬರೆದಿರುವುದಿಲ್ಲ. ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಕಾಯಿಸಿದರೇ ಈ ರೋಗಾಣುಗಳು ಸಾಯುತ್ತವೆ. ಮನೆಯಲ್ಲಿ ಚೆನ್ನಾಗಿ ಒಂದು ಉಕ್ಕು ಬರಿಸಿದರೆ ಸಾಕು. ಕಂದು ಹಾಕಿದ ಹಸುವಿನ ಮಾಸವನ್ನು ಬರಿಗೈಯಲ್ಲಿ ಎತ್ತಿದವರಿಗೂ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬರಬಹುದು. ಹೆಣ್ಣುಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸಿದರೆ ಜೀವಮಾನಕ್ಕೆ ಅದೇ ಸಾಕು.

ಕೆಚ್ಚಲುಬಾವಿಗೆ ಔಷಧ ಏರಿಸಿದ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಚೆಲ್ಲಲೇಬೇಕು. ಚೆಲ್ಲಲು ಮನಸ್ಸು ಬಾರದೆ ಕೆಲಸದವರ ಮಕ್ಕಳಿಗೆ ಕೊಡುವುದು ದಾನವಲ್ಲ. ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗದಿದ್ದರೆ ಮನೆಯ ಹೆಂಗಸರು ಹೆಪ್ಪನ್ನು ದೂರುತ್ತಾರೆ. ಆ ವಾರ ಹಸುವಿಗೆ ಏನು ಔಷಧ ಹಾಕಿತ್ತೆಂದು ಕೇಳುವುದು ಮೇಲು. ರೋಗಾಣು ಕೊಲ್ಲುವ ಔಷಧ ಹೆಪ್ಪಿನ ಜೀವಾಣುವನ್ನೂ ಬಿಡುವುದಿಲ್ಲ.

ಇಷ್ಟು ಓದಿ ಯಾರೂ ಹಾಲು ಬಿಡಬೇಕಾಗಿಲ್ಲ. ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣಾಂಶ, ಮೂರು ಗ್ರಾಂಗಿಂತ ಮಿಕ್ಕಿ ಸಸಾರಜನಕ ಇದೆ. ಅನ್ನ, ತಂಬುಳಿ, ಉಪ್ಪಿನಕಾಯಿಯಲ್ಲೇ ಊಟ ಮುಗಿಸುವ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಇದಕ್ಕೆ ಬದಲು ಸುಲಭವಾಗಿ ಸಿಗದು. ಹಾಲು ಅರಗದವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಇದನ್ನು ನಮ್ಮ ಅಜ್ಜಿಯಂದಿರು ಯಾವ ಪರೀಕ್ಷೆಯೂ ಇಲ್ಲದೆ ಬಲ್ಲವರಾಗಿದ್ದರು.

ಆದುದರಿಂದ ಮಾಡಬೇಕಾದದ್ದು ಉಗ್ರಾಣದಲ್ಲಿದೆ. ಮಳೆಗಾಲಕ್ಕೆ ಹಿಂಡಿಯನ್ನು ಒಮ್ಮೆಗೇ ತುಂಬಿಡದೆ ಹದಿನೈದು ದಿನಕ್ಕಾಗುವಷ್ಟು ಮಾತ್ರ ಒಯ್ಯಬೇಕು. ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಬೇಕು. ಬೂಷ್ಟು ಕೊಡವಿದರೆ, ಬಿಸಿಲಿಗೆ ಹಾಕಿದರೆ ಕಣ್ಣಿಗೆ ಕಾಣುವುದು ಹೋಗುತ್ತದೆಯೇ ಹೊರತು ವಿಷ ಹಿಂಡಿಯಲ್ಲೇ ಉಳಿಯುತ್ತದೆ. ಅಂಥದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಕೆಟ್ಟ ಹಿಂಡಿ ನಿಲ್ಲಿಸಿದ ಕೆಲವು ದಿನಗಳಲ್ಲೇ ಹಾಲು ತಿಳಿಯಾಗುತ್ತದೆಂಬುದು ಸಮಾಧಾನದ ಸಂಗತಿ.

ಚೀಲಕ್ಕೆ ಹಣ ಕೊಟ್ಟವನಿಗೆ ಅದನ್ನು ಗುಂಡಿಗೆ ಹಾಕೆನ್ನುವುದು ಸುಲಭ, ಹಾಕುವುದು ಕಷ್ಟ. ನಷ್ಟವನ್ನೆಲ್ಲ ಎರಡು ಹಸುವಿನ ಸದಸ್ಯನ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ. ಸಂಘದ ಮಳಿಗೆಗೆ ಹಿಂಡಿ ಬಂದ ದಿನಾಂಕವನ್ನು ಪ್ರತಿ ಚೀಲದ ಮೇಲೆ ಬರೆಯಬೇಕು. ಬಿಚ್ಚಿದಾಗಲೇ ಬೂಷ್ಟು ಕಂಡರೆ ಸಂಘ ಅದನ್ನು ಹಿಂದಕ್ಕೆ ಪಡೆದು ಸರಬರಾಜುದಾರನ ಲೆಕ್ಕಕ್ಕೆ ಬರೆಯಬೇಕು. ಈ ಸೂಚನೆಯನ್ನು ಬರುವ ಮಹಾಸಭೆಯ ಮುಂದಿಡುತ್ತಿದ್ದೇವೆ. ಇದರಿಂದ ಹಿಂಡಿಯ ದರ ಚೀಲಕ್ಕೆ ಕೊಂಚ ಏರಬಹುದೆಂಬ ಆಕ್ಷೇಪ ಬಂದೇ ಬರುತ್ತದೆ. ಹಿಂದಿರುಗಿಸುವ ಅವಧಿ ಮೂರು ದಿನವೋ ಒಂದು ವಾರವೋ ಎಂಬುದನ್ನೂ ಸದಸ್ಯರೇ ಅಲ್ಲಿ ತೀರ್ಮಾನಿಸಲಿ.