ತಂತಿಯ ಲಘು-ಗುರು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಆಡದ ನಾಲಗೆ ಕನ್ನಡ ನಾಡಿನಲ್ಲಿ ವಿರಳ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹಿರಿಯರೂ ಹೇಳುತ್ತಾರೆ. ಆದರೆ ಒಮ್ಮೊಮ್ಮೆ ನೆಲವೇ ನಿಜವಾಗಿ ಡೊಂಕಾಗಿರುತ್ತದೆ. ಕುಣಿಯುವವಳು ಅದನ್ನರಿಯದೆ ತನ್ನ ಕಾಲನ್ನೇ ಹಳಿದುಕೊಳ್ಳುತ್ತಾಳೆ. ಅಂಥ ಸಂದರ್ಭಕ್ಕೆ ಗಾದೆಯನ್ನು ಮಾಡಿಟ್ಟವರು ಯಾರೂ ಇಲ್ಲ.

ದಾವಣಗೆರೆಯ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ತಂದೆ ಶಾಲೆಯ ಉಪಾಧ್ಯಾಯರು. ಅವರ ತಂದೆ ಹತ್ತಿಯ ಗಿರಣಿಯಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವದು. ತಾಯಿ ಮದುವೆಗೆ ಮುಂಚೆ ನಾಲ್ಕು ವರ್ಷ ವೀಣೆಯನ್ನು ಕಲಿತವರು. ಆ ವೀಣೆ ಈಗ ಗೌಸು ಹೊದ್ದು ಮೂಲೆಯಲ್ಲಿ ನಿಂತಿದೆ. ಒಬ್ಬಳೇ ಮಗಳು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿ. ಅವಳಿಗೆ ವಿದ್ಯುತ್ ಗಿಟಾರಿನ ಹುಚ್ಚು. ಬೇಡಿ ಕಾಡಿ ಕೊಡಿಸಿಕೊಂಡ ವಾದ್ಯದೊಡನೆ ಅವಳ ಸಂಜೆಗಳೆಲ್ಲ ಕಳೆಯುತ್ತವೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಂದು ತಿಂಗಳಿದೆ. ಹೆಣ್ಣುಮಕ್ಕಳದೇ ಒಂದು ವಾದ್ಯಗೋಷ್ಠಿ ನಡೆಯಲಿದೆ. ಮುಖ್ಯ ವಾದನ ಇವಳದು.

ಹೀಗಿರುವಾಗ ಗಿಟಾರಿನ ಮೊದಲನೆಯ ತಂತಿ ಕಡಿಯಿತು. ಅಂಗಡಿಗೆ ಹೊರಟ ತಂದೆ, ಯಾವ ತಂತಿ ತರಲೆಂದು ಕೇಳಿದರು. “ಈಗಿರುವುದು ಒಂಬತ್ತರ ಸೆಟ್ಟಪ್ಪ. ಇನ್ನೂ ತೆಳ್ಳಗಿನದು ಸಿಕ್ಕರೆ ಬೆರಳಿಗೆ ಹಿತ” ಎಂದಳು ಮಗಳು. ಅಂಗಡಿಯಲ್ಲಿ ಒಂಬತ್ತು, ಹತ್ತು, ಹನ್ನೊಂದು ಎಂದು ಬರೆದ ಪೊಟ್ಟಣಗಳಿದ್ದವು. ಗಿರಣಿಯ ಮಗನಾದ ಉಪಾಧ್ಯಾಯರು ಕ್ಷಣವೂ ಯೋಚಿಸಲಿಲ್ಲ. ನೂಲಿನಲ್ಲಿ ನಂಬರು ಏರಿದಷ್ಟೂ ಎಳೆ ಸಣ್ಣಗಾಗುತ್ತದೆ. ಇಪ್ಪತ್ತರ ನೂಲು ಒಂದು ಪೌಂಡಿಗೆ ೧೬,೮೦೦ ಗಜ ಬಂದರೆ, ನಲವತ್ತರ ನೂಲು ಅದೇ ತೂಕಕ್ಕೆ ೩೩,೬೦೦ ಗಜ ಬರುತ್ತದೆ. ಇದನ್ನು ಅವರು ಮಗ್ಗಿಯೊಡನೆಯೇ ಕಲಿತಿದ್ದರು. ಆದುದರಿಂದ ಹನ್ನೊಂದೇ ತೆಳುವೆಂದು ನಿಶ್ಚಯಿಸಿ, ಅದನ್ನೇ ಕೊಂಡು ತೃಪ್ತಿಯಿಂದ ಮನೆಗೆ ಬಂದರು.

ಮಗಳೂ ತಂದೆಯ ಮಾತನ್ನು ನಂಬಿ, ಪೊಟ್ಟಣವನ್ನು ಓದದೆ, ಆರೂ ತಂತಿಗಳನ್ನು ಬದಲಾಯಿಸಿದಳು. ಅಂದಿನಿಂದ ವಾದ್ಯ ಅವಳಿಗೆ ಶತ್ರುವಾಯಿತು. ತಂತಿಯನ್ನು ಒತ್ತಿದರೆ ಬೆರಳು ಕುಯ್ಯುವಂತಾಗುತ್ತಿತ್ತು. ತಂತಿಯನ್ನು ಪಕ್ಕಕ್ಕೆ ಸೆಳೆದು ಸ್ವರವನ್ನು ಏರಿಸಬೇಕಾದ ಕಡೆ ಅದು ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು. ಶ್ರುತಿ ಮಾಡಿ ಮುಗಿಸುವಷ್ಟರಲ್ಲಿ ಮತ್ತೆ ತಪ್ಪುತ್ತಿತ್ತು. ಹತ್ತು ದಿನಗಳಲ್ಲಿ ಬೆರಳ ತುದಿಗಳು ಒಡೆದವು. ನೆರೆಮನೆಯವರು, “ಅದೆಲ್ಲ ಗಂಡುಹುಡುಗರ ವಾದ್ಯ, ಹೆಣ್ಣಿನ ಕೈಗೆ ಒಗ್ಗುವುದಲ್ಲ” ಎಂದರು. ಹುಡುಗಿ ಎದುರಾಡಲಿಲ್ಲ. ಗಿಟಾರನ್ನು ಬೀರುವಿನ ಮೇಲಿಟ್ಟು, ವಾದ್ಯಗೋಷ್ಠಿಯಿಂದ ತನ್ನ ಹೆಸರನ್ನು ತೆಗೆಯುವಂತೆ ಗೆಳತಿಯರಿಗೆ ಹೇಳುವುದೆಂದು ತೀರ್ಮಾನಿಸಿದಳು. ತಾಯಿ ಮೂಲೆಯ ವೀಣೆಯ ಕಡೆಗೊಮ್ಮೆ, ಬೀರುವಿನ ಮೇಲಣ ಗಿಟಾರಿನ ಕಡೆಗೊಮ್ಮೆ ನೋಡಿ ಸುಮ್ಮನಾದರು.

ಆ ಭಾನುವಾರ ಹರಿಹರದಿಂದ ಸೋದರಮಾವ ಬಂದರು. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ, ಲೇತುಗಳಿಂದ ದೇಶದಲ್ಲೆಲ್ಲ ಹೆಸರು ಪಡೆದಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವರು ಕೆಲಸಗಾರರಾಗಿದ್ದವರು. ಕಾರ್ಖಾನೆ ಮುಚ್ಚಿ ವರ್ಷಗಳಾದವು. ಅಳೆಯುವ ಅಭ್ಯಾಸ ಮಾತ್ರ ಕೈಬಿಟ್ಟಿಲ್ಲ. ಸೊಸೆಯ ಬೆರಳುಗಳನ್ನು ನೋಡಿ, “ಯಾಕವ್ವ, ಇದೇನು?” ಎಂದರು. ಕಥೆಯನ್ನೆಲ್ಲ ಕೇಳಿದ ಮೇಲೆ ಅವರಾಡಿದ್ದು ಒಂದೇ ಮಾತು: “ಕೈಯನ್ನು ಬೈಯುವ ಮೊದಲು ತಂತಿಯನ್ನು ಅಳೆಯೋಣ. ಬರುವ ವಾರ ಗಿಟಾರನ್ನು ತೆಗೆದುಕೊಂಡು ಹರಿಹರಕ್ಕೆ ಬಾ. ಕಡಿದ ತಂತಿಯನ್ನೂ ಮರೆಯದೆ ತಾ.”

ಹರಿಹರದ ಮನೆಯಲ್ಲಿ ಮಾವ ಮರದ ಪೆಟ್ಟಿಗೆಯಿಂದ ತಮ್ಮ ಹಳೆಯ ಮೈಕ್ರೋಮೀಟರನ್ನು ತೆಗೆದರು. ಲೇತಿನ ಕೆಲಸಗಾರರು ಅಂಗುಲದ ಸಾವಿರದ ಒಂದು ಭಾಗವನ್ನು ‘ಥೌ’ ಎನ್ನುತ್ತಾರೆ. ಕಡಿದ ಹಳೆಯ ತಂತಿ ಒಂಬತ್ತು ಥೌ; ಹೊಸ ತಂತಿ ಹನ್ನೊಂದು. ಗಿಟಾರಿನ ಪೊಟ್ಟಣದ ಮೇಲಿನ ಸಂಖ್ಯೆ ಮೊದಲನೆಯ ತಂತಿಯ ದಪ್ಪವೇ ಹೊರತು ನೂಲಿನ ನಂಬರಲ್ಲ. ಇಲ್ಲಿ ಸಂಖ್ಯೆ ಏರಿದರೆ ತಂತಿ ದಪ್ಪವಾಗುತ್ತದೆ.

ಉಪಾಧ್ಯಾಯರ ತಪ್ಪು ಕೇವಲ ಅವರದಲ್ಲ. ಬ್ರಿಟಿಷ್ ತಂತಿ-ಗೇಜಿನಲ್ಲಿಯೂ ನಂಬರು ಏರಿದಂತೆ ತಂತಿ ತೆಳ್ಳಗಾಗುತ್ತದೆ. ಅದರ ೩೩ನೆಯ ನಂಬರಿನ ತಂತಿ ಸರಿಯಾಗಿ ಹತ್ತು ಥೌ ದಪ್ಪ, ೩೪ನೆಯದು ಅದಕ್ಕಿಂತ ಸಣ್ಣ. ನಂಬರು ಹೇಳಿ ವೀಣೆಯ ತಂತಿಯನ್ನು ಕೊಂಡು ಅಭ್ಯಾಸವಾದವರೂ ಗಿಟಾರಿನ ಅಂಗಡಿಯಲ್ಲಿ ಹೀಗೆಯೇ ಎಡವಬಹುದು.

“ಎರಡೇ ಥೌ ಅಲ್ಲವೇ ಮಾವ? ಕೂದಲೆಳೆಯಷ್ಟೂ ಇಲ್ಲ” ಎಂದಳು ಹುಡುಗಿ. ಮಾವ ಸುಣ್ಣದ ಕಡ್ಡಿಯನ್ನು ತೆಗೆದು ನೆಲದ ಮೇಲೆ ಲೆಕ್ಕ ಬರೆದರು.

ತಂತಿಯ ನಾದದ ನಿಯಮವನ್ನು ಫ್ರಾನ್ಸಿನ ಮೆರ್ಸೆನ್ ಎಂಬ ವಿದ್ವಾಂಸ ೧೬೩೬ರಲ್ಲಿ ಪ್ರಕಟಿಸಿದ. ಉದ್ದವೂ ಸ್ವರವೂ ಬದಲಾಗದಿದ್ದರೆ, ತಂತಿ ಎಷ್ಟು ಭಾರವೋ ಅಷ್ಟೇ ಪ್ರಮಾಣದಲ್ಲಿ ಬಿಗಿತವೂ ಏರಬೇಕು. ತಂತಿಯ ಭಾರವಾದರೋ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂಬತ್ತೊಂಬತ್ತಲೆ ಎಂಬತ್ತೊಂದು, ಹನ್ನೊಂದು ಹನ್ನೊಂದಲೆ ನೂರಿಪ್ಪತ್ತೊಂದು. ಎರಡು ಥೌ ಹೆಚ್ಚಿದ್ದಕ್ಕೆ ಬಿಗಿತ ಹೆಚ್ಚುಕಡಮೆ ಒಂದೂವರೆಪಟ್ಟಾಯಿತು! ಒಂಬತ್ತರಿಂದ ಹತ್ತಕ್ಕೆ ಏರಿದರೂ ನೂರಕ್ಕೆ ಇಪ್ಪತ್ತಮೂರರಷ್ಟು ಹೆಚ್ಚುತ್ತದೆ. ೨೫.೫ ಅಂಗುಲ ತಂತಿಯುದ್ದದ ಗಿಟಾರಿನಲ್ಲಿ, ಸೆಕೆಂಡಿಗೆ ಸುಮಾರು ೩೩೦ ಬಾರಿ ಕಂಪಿಸುವ ಮೊದಲ ತಂತಿಯ ಸೆಳೆತ ಒಂಬತ್ತರಲ್ಲಿ ಸುಮಾರು ೬ ಕಿಲೋ, ಹತ್ತರಲ್ಲಿ ೭ನ್ನು ಮೀರಿ, ಹನ್ನೊಂದರಲ್ಲಿ ಸುಮಾರು ೯ ಕಿಲೋ. ಆರೂ ತಂತಿಗಳು ಸೇರಿದರೆ ಒಂಬತ್ತರ ಸೆಟ್ಟಿನದು ಸುಮಾರು ೩೮ ಕಿಲೋ, ಹತ್ತರದು ೪೭, ಹನ್ನೊಂದರದು ೫೦ಕ್ಕೂ ಮಿಗಿಲು.

ಇಷ್ಟು ಸೆಳೆತಕ್ಕೆ ಸಿಕ್ಕ ವಾದ್ಯ ಮೊದಲಿನಂತಿರಲು ಸಾಧ್ಯವೇ? ಆ ಗಿಟಾರಿನ ಕುದುರೆ ತೇಲುವ ಬಗೆಯದು. ಮುಂದೆ ತಂತಿಗಳು, ಹಿಂದೆ ಸ್ಪ್ರಿಂಗುಗಳು ಅದನ್ನು ತಕ್ಕಡಿಯಂತೆ ಹಿಡಿದಿರುತ್ತವೆ. ತಂತಿಯ ತಟ್ಟೆ ಭಾರವಾದಾಗ ಕುದುರೆ ಮುಂದಕ್ಕೆ ಬಾಗಿ ಮೇಲೆದ್ದಿತ್ತು. ತಂತಿಗಳು ಮೆಟ್ಟುಗಳಿಂದ ದೂರ ಸರಿದಿದ್ದವು. ಹುಡುಗಿ ಹೆಚ್ಚು ಬಿಗಿದ ತಂತಿಯನ್ನು ಹೆಚ್ಚು ಎತ್ತರದಿಂದ ಒತ್ತಬೇಕಾಗಿತ್ತು. ಬೆರಳು ಒಡೆದುದರಲ್ಲಿ ಆಶ್ಚರ್ಯವೇನು?

ಮೊದಲ ತಂತಿ ಕಡಿದುದೇಕೆ ಎಂಬ ಪ್ರಶ್ನೆ ಉಳಿದಿತ್ತು. “ತೆಳುವಾದುದರಿಂದ ಕಡಿಯಿತು” ಎಂದರು ಉಪಾಧ್ಯಾಯರು. ಮಾವ ತಲೆಯಲ್ಲಾಡಿಸಿದರು. ದಪ್ಪ ತಂತಿ ಹೆಚ್ಚು ಸೆಳೆತವನ್ನು ತಾಳುತ್ತದೆ ನಿಜ. ಅದೇ ಸ್ವರಕ್ಕೆ ಬರಲು ಅದಕ್ಕೆ ಅಷ್ಟೇ ಹೆಚ್ಚು ಸೆಳೆತ ಬೇಕು. ಆದುದರಿಂದ ಒಂದೇ ಬಗೆಯ ಉಕ್ಕಿನ ತಂತಿಗಳು, ತೆಳುವಿರಲಿ ದಪ್ಪವಿರಲಿ, ಹೆಚ್ಚುಕಡಮೆ ಒಂದೇ ಸ್ವರದಲ್ಲಿ ಕಡಿಯುತ್ತವೆ. ಎಲ್ಲಿ ಕಡಿಯಿತೆಂಬುದನ್ನು ನೋಡಬೇಕು. ಹಳೆಯ ತಂತಿ ಕಡಿದದ್ದು ಸರಿಯಾಗಿ ಕುದುರೆಯ ಮೇಲೆ ಕೂರುವ ಕಡೆ. ಮಾವ ಅಲ್ಲಿ ಉಗುರಾಡಿಸಿದಾಗ ಲೋಹದ ಒಂದು ಸಣ್ಣ ಮುಳ್ಳು ತಗುಲಿತು. ನಯವಾದ ಎಮರಿ ಕಾಗದದಿಂದ ಅದನ್ನು ಉಜ್ಜಿ ಒರೆಸಿದರು. ಕಡಿಯುವ ರೋಗಕ್ಕೆ ಮದ್ದು ಅಷ್ಟೇ ಆಗಿತ್ತು.

ಹಾಗಾದರೆ ದಪ್ಪ ತಂತಿಯನ್ನು ಬಳಸುವವರು ಮೂರ್ಖರೇ? ಅಲ್ಲ. ಮೊದಲ ಕಾಲದಲ್ಲಿ ಗಿಟಾರಿನ ಸೆಟ್ಟುಗಳೆಲ್ಲ ದಪ್ಪನೆಯವು. ಮೂರನೆಯ ತಂತಿಗೂ ಲೋಹದ ಸುತ್ತು ಇರುತ್ತಿತ್ತು. ಸ್ವರವನ್ನು ಸೆಳೆಯಬಯಸಿದ ಅಮೆರಿಕದ ವಾದಕರು ಬ್ಯಾಂಜೋ ತಂತಿಯನ್ನು ತಂದು ಮೊದಲ ತಂತಿಯ ಜಾಗದಲ್ಲಿ ಕಟ್ಟುತ್ತಿದ್ದರು. ಕ್ಯಾಲಿಫೋರ್ನಿಯದ ಎರ್ನಿ ಬಾಲ್ ಎಂಬ ವರ್ತಕರು ಇದನ್ನು ಕಂಡು ೧೯೬೦ರ ದಶಕದ ಆರಂಭದಲ್ಲಿ ಹಗುರ ತಂತಿಗಳ ಸೆಟ್ಟುಗಳನ್ನು ಮಾರಾಟಕ್ಕೆ ತಂದರು. ಹತ್ತರಿಂದ ನಲವತ್ತಾರರವರೆಗಿನ ಸೆಟ್ಟು ಇಂದು ಮನೆಮಾತು. ಆದರೂ ಸ್ಟೀವಿ ರೇ ವಾನ್ (೧೯೫೪–೧೯೯೦) ಹದಿಮೂರರಷ್ಟು ದಪ್ಪ ತಂತಿಯನ್ನು ಅರ್ಧ ಸ್ವರ ಇಳಿಸಿ ನುಡಿಸಿ ಕೀರ್ತಿ ಪಡೆದರು. ಬಿಲ್ಲಿ ಗಿಬನ್ಸ್ ಏಳರ ತಂತಿಯಲ್ಲಿಯೇ ಗಂಭೀರ ನಾದವನ್ನು ಹೊಮ್ಮಿಸಿದರು. ದಪ್ಪ ತಂತಿ ಜೋರು ಮೀಟಿಗೆ ಅಲುಗಾಡದು, ಶ್ರುತಿಯಲ್ಲಿ ಸ್ಥಿರವಾಗಿರುತ್ತದೆ. ತೆಳು ತಂತಿ ಬೆರಳಿಗೆ ವಿಧೇಯ. ಆದರೆ ಬಿಗಿಯಾಗಿ ಒತ್ತಿದರೆ ಸ್ವರ ಮೇಲೇರುತ್ತದೆ, ಒರಟಾಗಿ ಮೀಟಿದರೆ ಮೆಟ್ಟಿಗೆ ತಾಗಿ ಗಿರಗುಡುತ್ತದೆ. ಛಂದಸ್ಸಿನಲ್ಲಿ ಲಘುವೂ ಬೇಕು, ಗುರುವೂ ಬೇಕು. ಎಲ್ಲಿ ಯಾವುದು ಎಂಬುದರಲ್ಲಿ ನಡೆ ಇದೆ.

ಆಯ್ಕೆಗೆ ಕೆಲವು ಸೂತ್ರಗಳು ಸಾಕು. ಹೊಸಬರಿಗೂ ಸ್ವರವನ್ನು ಹೆಚ್ಚಾಗಿ ಸೆಳೆಯುವವರಿಗೂ ಒಂಬತ್ತು ಒಳ್ಳೆಯದು. ಸೆಳೆತವೂ ಮೀಟೂ ಸಮವಾಗಿ ಬೇಕೆಂಬವರಿಗೆ ಹತ್ತು. ಜೋರಾಗಿ ಬಾರಿಸುವವರಿಗೆ, ಶ್ರುತಿಯನ್ನು ಇಳಿಸಿಕೊಳ್ಳುವವರಿಗೆ ಹನ್ನೊಂದು. ತಂತಿಯುದ್ದವನ್ನೂ ನೋಡಬೇಕು: ೨೪.೭೫ ಅಂಗುಲದ ಗಿಟಾರಿನಲ್ಲಿ ಅದೇ ತಂತಿ ನೂರಕ್ಕೆ ಆರರಷ್ಟು ಸಡಿಲ. ಅರ್ಧ ಸ್ವರ ಇಳಿಸಿದರೆ ನೂರಕ್ಕೆ ಹನ್ನೊಂದರಷ್ಟು ಬಿಗಿತ ಇಳಿಯುತ್ತದೆ. ನೈಲಾನ್ ತಂತಿ ಇಲ್ಲಿ ಸಲ್ಲದು. ಪಿಕಪ್ಪಿನ ಅಯಸ್ಕಾಂತಕ್ಕೆ ಉಕ್ಕಿನ ಕಂಪನವೇ ಬೇಕು. ತಂತಿಯ ದಪ್ಪವನ್ನು ಬದಲಾಯಿಸಿದಾಗಲೆಲ್ಲ ಕುದುರೆಯ ಸ್ಪ್ರಿಂಗನ್ನು ಸರಿಪಡಿಸಬೇಕು. ಬಳಿಕ ಹನ್ನೆರಡನೆಯ ಮೆಟ್ಟಿನ ಮೇಲೆ ಬೆರಳನ್ನು ಸೋಕಿಸಿ ಬರುವ ನಾದವನ್ನೂ ಒತ್ತಿ ಬರುವ ಸ್ವರವನ್ನೂ ಹೋಲಿಸಬೇಕು. ಒತ್ತಿದ ಸ್ವರ ಮೇಲಿದ್ದರೆ ಕುದುರೆಯನ್ನು ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ ಸರಿಸಬೇಕು. ಕುತ್ತಿಗೆಯೊಳಗಿನ ಸಲಾಕೆಯನ್ನು ಮಾತ್ರ ತಿಳಿದವರೇ ಮುಟ್ಟುವುದು ಕ್ಷೇಮ.

ಸಂಜೆ ಮೂವರೂ ಹರಿಹರೇಶ್ವರನ ಗುಡಿಗೆ ಹೋದರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ೧೨೨೪ರಲ್ಲಿ ಕಟ್ಟಿಸಿದ ಗುಡಿಯದು. ಗರ್ಭಗುಡಿಯಲ್ಲಿ ಒಂದೇ ಮೂರ್ತಿ. ಅರ್ಧ ಹರಿ, ಅರ್ಧ ಹರ. ದೀಪಾರತಿಯ ಬೆಳಕಿನಲ್ಲಿ ಅದನ್ನು ನೋಡುತ್ತ ನಿಂತ ಹುಡುಗಿ ಹೊರಗೆ ಬಂದ ಮೇಲೆ ಕೇಳಿದಳು: “ಮಾವ, ಕೆಳಗಿನ ಮೂರು ತಂತಿಗಳಿಗೆ ದಪ್ಪನೆಯದೇ ಚೆನ್ನ, ಮೀಟಿದರೆ ತುಂಬುನಾದ. ಮೇಲಿನ ಮೂರು ಮಾತ್ರ ತೆಳ್ಳಗಿರಬೇಕು. ಹಾಗೆ ಕಟ್ಟಬಹುದೇ?”

ಕಟ್ಟಬಹುದು. ಒಂಬತ್ತು, ಹನ್ನೊಂದು, ಹದಿನಾರು. ಅನಂತರ ಇಪ್ಪತ್ತಾರು, ಮೂವತ್ತಾರು, ನಲವತ್ತಾರು ಎಂಬ ಮಿಶ್ರ ಸೆಟ್ಟು ಪೇಟೆಯಲ್ಲಿಯೇ ದೊರೆಯುತ್ತದೆ. ಮೊದಲ ಮೂರು ಲಘು, ಕೊನೆಯ ಮೂರು ಗುರು. ಒಟ್ಟು ಸೆಳೆತ ಸುಮಾರು ೪೩ ಕಿಲೋ. “ಹರಿಹರದ ಸೆಟ್ಟು ಅನ್ನು” ಎಂದು ಮಾವ ನಕ್ಕರು. ಉಪಾಧ್ಯಾಯರು ಮಾತ್ರ ನಗಲಿಲ್ಲ. ಸ್ವಲ್ಪ ತಡೆದು, “ತಪ್ಪು ನನ್ನದು ತಾಯಿ. ಕೇಳದೆ ತಂದುಬಿಟ್ಟೆ” ಎಂದರು. “ನಾನೂ ಓದದೆ ಕಟ್ಟಿದೆನಪ್ಪ” ಎಂದಳು ಮಗಳು.

ದಾವಣಗೆರೆಗೆ ಮರಳಿ ಹೊಸ ತಂತಿ ಕಟ್ಟಿದ ಮೇಲೆಯೂ ಬೆರಳ ಗಾಯ ಮಾಯಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ತಾಯಿ ಅವಳಿಗೆ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ನುಡಿಸಲು ಬಿಡಲಿಲ್ಲ. “ವೀಣೆಯ ತಂತಿ ನನ್ನ ಬೆರಳಲ್ಲೂ ಗೆರೆ ಕೊರೆದಿತ್ತು. ನನ್ನ ತಂತಿಯನ್ನು ಯಾರೂ ಅಳೆದು ನೋಡಲಿಲ್ಲ” ಎಂದು ಒಂದು ಸಂಜೆ ಅವರು ಹೇಳಿದರು. ಮರುದಿನ ಮೂಲೆಯ ವೀಣೆಯ ಗೌಸು ತೆಗೆದಿತ್ತು.

ವಾರ್ಷಿಕೋತ್ಸವದ ದಿನ ಹುಡುಗಿ ನುಡಿಸಿದಳು. ಕೇಳಿದವರಲ್ಲಿ ತಂತಿಯ ದಪ್ಪವನ್ನು ಅರಿತವರು ಮೂವರೇ. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕುಣಿಯಲಾರೆನೆಂದು ಮಗು ಕಣ್ಣೀರಿಟ್ಟಾಗ ಗಾದೆಯನ್ನು ನೆನೆಯುವುದು ಸುಲಭ. ಅದಕ್ಕೆ ಮುಂಚೆ ಒಮ್ಮೆ ಬಗ್ಗಿ ನೆಲವನ್ನು ಅಳೆದು ನೋಡುವುದು ಹಿರಿಯರಾದವರಿಗೆ ಒಪ್ಪುವ ಕೆಲಸ.