ತಿಂದಿದ್ದು ಮೈಗೆ ಹತ್ತಬೇಕಲ್ಲ!

ಆಫೀಸಿನಲ್ಲಿ ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಆಗುತ್ತೆ. ರಿಪೋರ್ಟ್ ಬಂದಾಗ ನಮ್ಮ ಟೀಮಿನ ಹೆಣ್ಣುಮಕ್ಕಳಲ್ಲಿ ಹಲವರದ್ದು ಒಂದೇ ಕಥೆ: ಹೀಮೋಗ್ಲೋಬಿನ್ ಕಡಿಮೆ. "ಸೊಪ್ಪು, ಕಾಳು ಎಲ್ಲಾ ತಿಂತೀನಿ, ಆದ್ರೂ ಯಾಕೆ ಹೀಗೆ?" ಅನ್ನೋದು ಅವರ ಪ್ರಶ್ನೆ.

ಇದು ನಮ್ಮ ಆಫೀಸಿನ ಕಥೆ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೆಲಸದಲ್ಲಿ ಗಮನ ನಿಲ್ಲದಿರೋದು. ಎಲ್ಲದಕ್ಕೂ ನಿದ್ದೆ ಸಾಲಲಿಲ್ಲ ಅಂದ್ಕೊಂಡು ಸುಮ್ಮನಾಗ್ತೀವಿ.

"ಎಷ್ಟು ತಿಂದ್ರೂ ಮೈಗೆ ಹತ್ತಲ್ಲ" ಅಂತ ಮನೆಯಲ್ಲಿ ಹಿರಿಯರು ಹೇಳ್ತಾರಲ್ಲ, ಕಬ್ಬಿಣಾಂಶದ ಮಟ್ಟಿಗೆ ಅದು ಪೂರ್ತಿ ನಿಜ. ಮಾಂಸದಲ್ಲಿರುವ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುತ್ತೆ. ಸೊಪ್ಪು, ಕಾಳು, ಧಾನ್ಯಗಳದ್ದು ಹಾಗಲ್ಲ. ಸಣ್ಣ ಕರುಳಿನ ಮೊದಲ ಭಾಗಕ್ಕೆ ಬರುವಾಗ ಅದು ಕರಗಿದ ರೂಪದಲ್ಲಿ ಇರಬೇಕು. ಬೇರೆ ಏನಕ್ಕಾದರೂ ಅಂಟಿಕೊಂಡಿದ್ದರೆ ಕರುಳು ಅದನ್ನು ಹೀರಿಕೊಳ್ಳೋದಿಲ್ಲ, ಹಾಗೇ ಹೊರಗೆ ಹೋಗುತ್ತೆ.

ಹಾಗೆ ಹಿಡಿದಿಡುವ ವಸ್ತು ಕಾಳಿನಲ್ಲೇ ಇದೆ. ಅದರ ಹೆಸರು ಫೈಟೇಟ್. ನಾಳೆ ಮೊಳಕೆಗೆ ಬೇಕು ಅಂತ ಬೀಜ ತನ್ನ ರಂಜಕವನ್ನು ಈ ರೂಪದಲ್ಲಿ ಕೂಡಿಡುತ್ತೆ. ಹಸುವಿಗೆ ಇದರಿಂದ ತೊಂದರೆಯಿಲ್ಲ, ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳೇ ಫೈಟೇಟನ್ನು ಒಡೆದು ಹಾಕುತ್ತವೆ. ನಮಗೆ ಆ ಶಕ್ತಿ ತೀರಾ ಕಡಿಮೆ.

ಆ ಕೆಲಸವನ್ನು ನಮ್ಮ ಅಡುಗೆಮನೆ ಮಾಡ್ತಾ ಬಂದಿದೆ. ಹುರುಳಿಕಾಳು ನೆನೆಸಿ ಮೊಳಕೆ ಕಟ್ಟಿದಾಗ ಕಾಳಿನೊಳಗಿನ ಫೈಟೇಸ್ ಅನ್ನುವ ಕಿಣ್ವ ಎಚ್ಚೆತ್ತು ಫೈಟೇಟನ್ನು ಒಡೆಯುತ್ತೆ. ದೋಸೆ ಹಿಟ್ಟು ರಾತ್ರಿಯಿಡೀ ಹುದುಗಿದಾಗಲೂ ಫೈಟೇಟ್ ಕಡಿಮೆಯಾಗುತ್ತೆ. ಕೋಸಂಬರಿಗೆ ಹಿಂಡುವ ನಿಂಬೆರಸದ ವಿಟಮಿನ್ ಸಿ ಕಬ್ಬಿಣವನ್ನು ಕರುಳು ಹೀರಿಕೊಳ್ಳುವ ರೂಪಕ್ಕೆ ತರುತ್ತೆ. ಅಂದರೆ ಅರ್ಧ ಜೀರ್ಣಕ್ರಿಯೆ ಪಾತ್ರೆಯಲ್ಲೇ ಮುಗಿದಿರುತ್ತೆ!

ಇಷ್ಟೆಲ್ಲಾ ಆದಮೇಲೆ ನಾವೇನು ಮಾಡ್ತೀವಿ? ಊಟ ಮುಗಿಸಿ ಸೀದಾ ಕಾಫಿ ಮೆಷಿನ್ ಹತ್ತಿರ ಹೋಗ್ತೀವಿ. ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತವೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ. 39ರಷ್ಟು ಇಳಿದಿತ್ತು. ಟೀ ಕುಡಿದಾಗ ಇನ್ನೂ ಹೆಚ್ಚು. ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದ ಕಾಫಿಯಿಂದ ಮಾತ್ರ ಏನೂ ವ್ಯತ್ಯಾಸ ಆಗಿರಲಿಲ್ಲ.

ಹಾಗಂತ ಕಾಫಿ ಬಿಡಿ ಅಂತ ನಾನು ಹೇಳಲ್ಲ, ನನ್ನಿಂದಲೂ ಆಗಲ್ಲ. ಟೈಮ್ ಬದಲಾಯಿಸಿ, ಸಾಕು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿಯಿರಿ, ಇಲ್ಲಾಂದ್ರೆ ಊಟವಾಗಿ ಎರಡು ಗಂಟೆ ಬಿಟ್ಟು. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ನಷ್ಟವಾಗುತ್ತೆ. ಪಿಜಿಯಲ್ಲಿದ್ದು ಅಡುಗೆ ನಿಮ್ಮ ಕೈಯಲ್ಲಿಲ್ಲವಾ? ಊಟದ ಜೊತೆ ಒಂದು ಸೀಬೆಹಣ್ಣು ತಿನ್ನಿ, ಅದರಲ್ಲೂ ವಿಟಮಿನ್ ಸಿ ಧಾರಾಳವಾಗಿದೆ.

ಒಂದು ಮಾತು. ಹೀಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ನಿಂಬೆಹಣ್ಣನ್ನೇ ನಂಬಿ ಕೂರಬೇಡಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗ್ತಿರಬಹುದು, ಬಿ12 ಕೊರತೆ ಇರಬಹುದು. ಡಾಕ್ಟರಿಗೆ ತೋರಿಸಿ. ಅವರು ಕಬ್ಬಿಣದ ಮಾತ್ರೆ ಕೊಟ್ಟರೆ, ದಯವಿಟ್ಟು ಅದನ್ನು ಕಾಫಿ ಜೊತೆ ನುಂಗಬೇಡಿ!